ಮನಗುಂದಿದ ಸಹೋದರನೂ ಔಷಧವೂ



ಅಂಜನಾಪುರದ ಜಲಾಶಯದ ಕೆಳಗೆ ಗದ್ದೆಮಾಡುವವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಗದ್ದೆ ಒಣಗಿದ ಮಾತ್ರಕ್ಕೆ ಜಲಾಶಯವು ಬತ್ತಿತೆಂದು ಹೇಳಲಾಗದು. ನೀರಗಂಟಿಯು ತೂಬನ್ನು ತೆರೆಯದಿರಬಹುದು. ಕಾಲುವೆಯಲ್ಲಿ ಹೂಳು ತುಂಬಿರಬಹುದು. ಕಾರಣವನ್ನು ನೋಡದೆ ತೀರ್ಪುಮಾಡುವವನು ನ್ಯಾಯವಂತನಲ್ಲ.

ಮನಸ್ಸಿನ ವಿಷಯವೂ ಹಾಗೆಯೇ. ಐವತ್ತರ ಆಸುಪಾಸಿನ ಸಹೋದರನೊಬ್ಬನು ತಿಂಗಳುಗಟ್ಟಲೆ ಉಲ್ಲಾಸವಿಲ್ಲದೆ, ನಿದ್ರೆಯಿಲ್ಲದೆ, ಕೆಲಸದಲ್ಲಿಯೂ ಪ್ರಾರ್ಥನೆಯಲ್ಲಿಯೂ ಮನಸ್ಸಿಡಲಾರದೆ ಇದ್ದರೆ, ಇವನ ವಿಶ್ವಾಸವು ತಣ್ಣಗಾಯಿತೆಂದು ಕೆಲವರು ಹೇಳುತ್ತಾರೆ. ವಯಸ್ಸಿನಿಂದ ಪುರುಷಶಕ್ತಿ ಇಳಿಯಿತು, ಪೇಟೆಗೆ ಹೋಗಿ ಹಾರ್ಮೋನ್ ಚುಚ್ಚುಮದ್ದು ಹಾಕಿಸಿಕೊಳ್ಳಲೆಂದು ಬೇರೆ ಕೆಲವರು ಹೇಳುತ್ತಾರೆ. ಎರಡೂ ಪರೀಕ್ಷಿಸದೆ ಕೊಟ್ಟ ತೀರ್ಪುಗಳೇ. ಹಾಗಾದರೆ ವಿಶ್ವಾಸಿಯು ಮನೋವ್ಯಥೆಗೆ ಔಷಧ ತೆಗೆದುಕೊಳ್ಳಬಹುದೋ? ಔಷಧದಿಂದ ಬಂದ ಸಮಾಧಾನವು ನಿಜವಾದದ್ದೋ?

ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ ಪುರುಷನ ವೃಷಣಗಳಲ್ಲಿ ಹುಟ್ಟುತ್ತದೆ; ವಯಸ್ಸಾದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ. 1889ರಲ್ಲಿ ಬ್ರೌನ್-ಸೆಕಾರ್ ಎಂಬ 72 ವರುಷದ ವಿದ್ವಾಂಸನು ಪ್ರಾಣಿಗಳ ವೃಷಣರಸವನ್ನು ತನಗೆ ಚುಚ್ಚಿಕೊಂಡು, ಯೌವನದ ಬಲವು ಮರಳಿತೆಂದು ಸಾರಿದನು. ಆ ರಸದಲ್ಲಿ ಹಾರ್ಮೋನು ಇಲ್ಲವೆಂಬಷ್ಟು ಕಡಮೆ. ಆತನ ಆಶೆಯೇ ಆತನನ್ನು ನಂಬಿಸಿತು. 1935ರಲ್ಲಿ ಬುಟೆನಾಂಟ್ ಮತ್ತು ರುಜಿಚ್ಕ ಎಂಬವರು ಆ ಹಾರ್ಮೋನನ್ನು ರಸಾಯನಶಾಲೆಯಲ್ಲಿ ಸಿದ್ಧಪಡಿಸಿದರು. ಗ್ರಂಥಿಯ ರೋಗದಿಂದ ಕೊರತೆಯುಂಟಾದವರಿಗೆ ಇಂದು ಅದು ಒಳ್ಳೆಯ ಔಷಧವೇ. ಆದರೆ ಅಮೇರಿಕದಲ್ಲಿ 65 ವರುಷ ದಾಟಿದ, ಹಾರ್ಮೋನು ಕಡಮೆಯಿದ್ದ ಪುರುಷರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನಸ್ಸಿಗೆ ದೊರೆತ ಪ್ರಯೋಜನವು ಅಲ್ಪವೇ. 2023ರಲ್ಲಿ ಪ್ರಕಟವಾದ, 5,000ಕ್ಕಿಂತ ಹೆಚ್ಚು ಮಂದಿಯ ಪರೀಕ್ಷೆಯಲ್ಲಿ ಹೃದಯಾಘಾತವು ಹೆಚ್ಚಲಿಲ್ಲ. ಆದರೆ ಎದೆಬಡಿತದ ಏರುಪೇರೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದೂ ಸ್ವಲ್ಪ ಹೆಚ್ಚಾಗಿ ಕಂಡವು. ಈ ಔಷಧವು ವೀರ್ಯೋತ್ಪತ್ತಿಯನ್ನು ತಗ್ಗಿಸುವದರಿಂದ ಮಕ್ಕಳನ್ನು ಬಯಸುವವರು ಎಚ್ಚರದಿಂದಿರಬೇಕು. ಆದಕಾರಣ ಬೇರೆ ಬೇರೆ ದಿನಗಳ ಬೆಳಿಗ್ಗೆ ಎರಡು ಸಾರಿ ರಕ್ತಪರೀಕ್ಷೆ ಮಾಡಿಸದೆ ಇದನ್ನು ತೆಗೆದುಕೊಳ್ಳಬಾರದು. ಥೈರಾಯಿಡ್ ಕೊರತೆ, ಸಕ್ಕರೆ ರೋಗ, ಮದ್ಯಪಾನ, ಸಾಲ, ಅಗಲಿಕೆಯ ದುಃಖ, ಇವುಗಳಿಂದಲೂ ಮನಸ್ಸು ಕುಗ್ಗುತ್ತದೆ. ಕುಗ್ಗುವಿಕೆಯೇ ಒಂದು ರೋಗವಾಗಿರುವುದೂ ಉಂಟು, ಅದಕ್ಕೆ ಬೇರೆ ಚಿಕಿತ್ಸೆಯುಂಟು.

ಪ್ರವಾದಿಯಾದ ಎಲೀಯನನ್ನು ನೆನೆಯೋಣ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ಧೈರ್ಯದಿಂದ ನಿಂತವನು ಅಡವಿಯಲ್ಲಿ ಗಿಡದ ಕೆಳಗೆ ಕೂತು ಮರಣವನ್ನು ಬೇಡಿದನು. ದೂತನು ಅವನನ್ನು ಗದರಿಸಲಿಲ್ಲ. ಮಲಗಗೊಟ್ಟು, ಎರಡು ಸಾರಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ದೇವರು ಮೊದಲು ಅವನ ಶರೀರವನ್ನು ವಿಚಾರಿಸಿದನು. ಆ ರೊಟ್ಟಿಯನ್ನು ತಿಂದದ್ದು ಅವಿಶ್ವಾಸವೆಂದು ಯಾರು ಹೇಳುವರು? ಆದರೆ ರೊಟ್ಟಿಯೊಂದೇ ಸಾಲಲಿಲ್ಲ. ಬಳಿಕ ಅವನಿಗೆ ಮಾಡತಕ್ಕ ಕೆಲಸವೂ ಎಲೀಷನೆಂಬ ಜೊತೆಗಾರನೂ ದೊರೆತರು.

ಹೀಗೆ ನಮಗೆ ತೋರುವುದೇನಂದರೆ, ನಿಜವಾದ ಕೊರತೆಗೆ ತೆಗೆದುಕೊಂಡ ಔಷಧವು ಸುಳ್ಳು ಸಂತೋಷವನ್ನು ಕೊಡುವುದಿಲ್ಲ. ಮುಚ್ಚಿದ ತೂಬನ್ನು ತೆರೆಯುತ್ತದೆ. ಬಿತ್ತುವುದೂ ಕಳೆ ಕೀಳುವುದೂ ನಮ್ಮದೇ. ಕೊರತೆಯಿಲ್ಲದೆ ಯೌವನವನ್ನು ಕೊಂಡುಕೊಳ್ಳಹೋಗುವುದಾದರೋ ಸ್ವಸ್ಥತೆಯಲ್ಲ, ಲೋಭವು. ನರೆಗೂದಲು ರೋಗವಲ್ಲ.

ಆದಕಾರಣ ಸಭೆಯ ಹಿರಿಯರೇ, ಮನಗುಂದಿದವನನ್ನು ಆರಾಧನೆಯಲ್ಲಿ ಎತ್ತಿಹೇಳಿ ನಾಚಿಸಬೇಡಿರಿ. ಅವನ ಮನೆಗೆ ಹೋಗಿರಿ. ಶಿಕಾರಿಪುರದ ಆಸ್ಪತ್ರೆಗಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಅವನ ಸಂಗಡ ಬಸ್ಸು ಹತ್ತಿರಿ. ಸಾಯುವ ಮಾತನ್ನು ಆಡಿದರೆ ಒಂದು ರಾತ್ರಿಯೂ ಒಂಟಿಯಾಗಿ ಬಿಡಬೇಡಿರಿ. ಸರಕಾರದ ಟೆಲಿ-ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತದೆ. ಸಹೋದರನೇ, ನೀನಾದರೋ ವೈದ್ಯನ ಮುಂದೆಯೂ ದೇವರ ಮುಂದೆಯೂ ಏನನ್ನೂ ಮರೆಮಾಡದೆ ಮಾತಾಡು. ಲೂಕನು ವೈದ್ಯನಾಗಿಯೇ ಸುವಾರ್ತೆಯ ಸೇವೆಮಾಡಿದನೆಂಬುದನ್ನು ಮರೆಯಬೇಡ.