ನೀರಿಗಿಳಿಯುವವನಿಗೆ ನಾಲ್ಕು ಭಯ



ಧಮ್ಮ ಅಧ್ಯಯನ ಬಳಗ, ಖಾಸಬಾಗ. ಇಂದಿನ ಚಿಂತನೆ.



ಮಳೆಗಾಲ ಬಂತೆಂದರೆ ಮೊಸಳೆಯ ವಿಡಿಯೊಗಳು ಮತ್ತೆ ಓಡಾಡತೊಡಗುತ್ತವೆ. ನಿನ್ನೆ ನನಗೂ ಒಂದು ಬಂತು. ಅದನ್ನು ಯಾರಿಗೂ ಕಳಿಸದೆ, ನನ್ನದೇ ಒಂದು ಹಳೆಯ ತಪ್ಪನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

2019ರ ಆಗಸ್ಟ್ ತಿಂಗಳು. ಕೃಷ್ಣೆಗೆ ಮಹಾಪೂರ. ನಮ್ಮ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯೊಂದರ ಚಾವಣಿಯ ಮೇಲೆ ಮೊಸಳೆ ಮಲಗಿದ್ದ ವಿಡಿಯೊವನ್ನು ಆಗ ದೇಶವೆಲ್ಲ ನೋಡಿತು. ಬೆಳಗಾವಿಯಲ್ಲೂ ಮಳೆ ನಿಂತಿರಲಿಲ್ಲ, ನಾಲಾ ತುಂಬಿ ಹರಿಯುತ್ತಿತ್ತು. ನನ್ನ ಮೊಬೈಲಿಗೆ ಅದೇ ವಿಡಿಯೊ ಬಂದಾಗ ಕೆಳಗೆ ಯಾರೋ "ನಮ್ಮ ನಾಲಾದಾಗ ಮೊಸಳಿ ಬಂದೈತಿ, ಹುಷಾರ್" ಎಂದು ಸೇರಿಸಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಮೂರು ಗ್ರೂಪಿಗೆ ಕಳಿಸಿಬಿಟ್ಟೆ.

ಐದು ನಿಮಿಷದಲ್ಲಿ ಬಳಗದ ಕಾಲೇಜು ಹುಡುಗಿಯೊಬ್ಬಳು ಬರೆದಳು: "ಕಾಕಾ, ಇದು ರಾಯಬಾಗದ್ದು. ನಮ್ಮ ನಾಲಾದ್ದಲ್ಲ. ತೆಗೀರಿ." ನನಗೆ ಸಿಟ್ಟು ಬಂತು. ಎಲ್ಲರೆದುರು ಹೇಳಬೇಕಿತ್ತೇ, ನಿನ್ನೆ ಮೊನ್ನೆ ತ್ರಿಶರಣ ಕಲಿತವಳು ನನಗೆ ಬುದ್ಧಿ ಹೇಳುತ್ತಾಳೆಯೇ ಎಂದುಕೊಂಡೆ. ವಿಡಿಯೊ ತೆಗೆಯಲಿಲ್ಲ.

ಅರ್ಧ ತಾಸಿನಲ್ಲಿ ಹುಡುಗರು ಬಡಿಗೆ, ಕಲ್ಲು ಹಿಡಿದು ನಾಲಾದ ಕಡೆ ಓಡಿದರು. ಗದ್ದಲ ಕೇಳಿ ನಾನೂ ಹೋದೆ. ಅಲ್ಲಿ ಸತ್ತು ಬಿದ್ದಿದ್ದು ಮೊಸಳೆಯಲ್ಲ, ಒಂದು ಉಡ. ಬಿಲಕ್ಕೆ ನೀರು ಹೊಕ್ಕಿರಬೇಕು, ಒಣ ಜಾಗ ಹುಡುಕಿ ದಂಡೆಯ ಪೊದೆಗೆ ಬಂದಿತ್ತು. ಯಾರನ್ನೂ ಕಚ್ಚಿರಲಿಲ್ಲ, ಅಟ್ಟಿಸಿಕೊಂಡು ಬಂದಿರಲಿಲ್ಲ. ಒಬ್ಬ ಹುಡುಗ ನನಗೆ ಮೊಬೈಲ್ ತೋರಿಸಿ, "ಕಾಕಾ, ನೀವ ಕಳಿಸಿದ್ರಲ್ಲ" ಅಂದ. ನಾನು ಉತ್ತರ ಕೊಡದೆ ಮನೆಗೆ ಬಂದೆ.

ಆ ರಾತ್ರಿ ಮಜ್ಝಿಮ ನಿಕಾಯ ತೆಗೆದು ಚಾತುಮಾ ಸುತ್ತ ಓದಿದೆ. ಅದು 67ನೆಯ ಸುತ್ತ. ತಥಾಗತರು ಚಾತುಮಾ ಎಂಬ ಊರಿನಲ್ಲಿದ್ದಾಗ ಸಾರಿಪುತ್ತ, ಮೊಗ್ಗಲ್ಲಾನರ ಜೊತೆ ಐದುನೂರು ಹೊಸ ಭಿಕ್ಷುಗಳು ಬರುತ್ತಾರೆ. ದೊಡ್ಡ ಗದ್ದಲವಾಗುತ್ತದೆ. ಮೀನು ಹಿಡಿಯುವ ಜಾಗದಲ್ಲಿ ಬೆಸ್ತರು ಕೂಗಾಡಿದಂತೆ ಇದೇನು ಎಂದು ಕೇಳಿದ ತಥಾಗತರು, ಅವರನ್ನು ಹೊರಟುಹೋಗಿ ಎನ್ನುತ್ತಾರೆ. ನಂತರ ಆ ಊರಿನ ಶಾಕ್ಯರು, ಸಹಂಪತಿ ಬ್ರಹ್ಮ ಬಂದು ಕೇಳಿಕೊಂಡ ಮೇಲೆ ಮತ್ತೆ ಕರೆಸಿ ಉಪದೇಶಿಸುತ್ತಾರೆ. ನೀರಿಗಿಳಿಯುವವನಿಗೆ ನಾಲ್ಕು ಭಯಗಳಿವೆ: ಅಲೆ, ಮೊಸಳೆ, ಸುಳಿ, ಸುಸುಕಾ. ಧಮ್ಮಕ್ಕೆ ಇಳಿದವನಿಗೂ ಇವೇ ನಾಲ್ಕು.

ಅಲೆ ಎಂದರೆ ಕ್ರೋಧ. ಮನೆ ಬಿಟ್ಟು ಬಂದವನಿಗೆ ಇತರ ಭಿಕ್ಷುಗಳು ಹೀಗೆ ನಡೆ, ಹೀಗೆ ನೋಡು ಎಂದು ತಿದ್ದುತ್ತಾರೆ. ಅವನಿಗೆ ಅನಿಸುತ್ತದೆ: ಮೊದಲು ನಾನು ಇತರರಿಗೆ ಹೇಳುತ್ತಿದ್ದೆ, ಈಗ ಮಗನ, ಮೊಮ್ಮಗನ ವಯಸ್ಸಿನವರು ನನಗೆ ಹೇಳುತ್ತಾರೆ. ಹೀಗೆ ಸಿಟ್ಟಾಗಿ ಅವನು ಧಮ್ಮ ಬಿಡುತ್ತಾನೆ. ಇದನ್ನು ಓದುವಾಗ ನನ್ನ ಮುಖಕ್ಕೆ ಕನ್ನಡಿ ಹಿಡಿದಂತಾಯಿತು. ಉಡವನ್ನು ಕೊಂದದ್ದು ಕಲ್ಲು ನಿಜ. ಆದರೆ ಆ ಮಗಳ ಮಾತಿಗೆ ನನಗೆ ಸಿಟ್ಟು ಬರದಿದ್ದರೆ ಕಲ್ಲು ಏಳುತ್ತಿರಲಿಲ್ಲ.

ಮೊಸಳೆ ಎಂದರೆ ಹೊಟ್ಟೆಬಾಕತನ. ಸುತ್ತ ಹೇಳುವುದು ಅನ್ನದ ಆಸೆಯನ್ನು. ನನ್ನ ಹಸಿವು ಬೇರೆಯದಿತ್ತು: ಓಣಿಗೆ ಮೊದಲು ಸುದ್ದಿ ಮುಟ್ಟಿಸಿದವನು ನಾನಾಗಬೇಕು. ಸುಳಿ ಎಂದರೆ ಐದು ಇಂದ್ರಿಯಗಳ ಸುಖ. ಮೊಬೈಲ್ ಹಿಡಿದು ಕೂತರೆ ತಾಸು ಕಳೆದದ್ದೇ ತಿಳಿಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುಸುಕಾ ಪದವನ್ನು ಕೆಲವರು ಶಾರ್ಕ್ ಎಂದೂ ಕೆಲವರು ಕ್ರೂರ ಮೀನು ಎಂದೂ ಅನುವಾದಿಸಿದ್ದಾರೆ. ನದಿಯಲ್ಲಿ ಶಾರ್ಕ್ ಎಲ್ಲಿಂದ ಬಂತು ಎಂದು ಕೇಳಬೇಡಿ. ಬುಲ್ ಶಾರ್ಕ್ ಎಂಬ ಜಾತಿ ಸಮುದ್ರದಿಂದ ನದಿಗಳೊಳಗೆ ಬಹುದೂರ ಬರುತ್ತದೆ. ನೀರಿಗೆ ತಕ್ಕಂತೆ ಮೈಯೊಳಗಿನ ಉಪ್ಪನ್ನು ಸರಿದೂಗಿಸಿಕೊಳ್ಳುವ ಶಕ್ತಿ ಅದಕ್ಕಿದೆ. ಗಂಗಾ ಶಾರ್ಕ್ ಎಂಬುದು ಬೇರೆಯೇ ಜಾತಿ, ಈಗ ಅಳಿವಿನ ಅಂಚಿನಲ್ಲಿದೆ. ಬುಲ್ ಶಾರ್ಕ್ ಮಾಡಿದ ದಾಳಿಗಳ ಅಪವಾದ ಈ ಬಡಪಾಯಿಯ ತಲೆಗೆ ಬಂದಿರಬಹುದೆಂದು ತಜ್ಞರು ಹೇಳುತ್ತಾರೆ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಹೆಸರು ಕೆಡಿಸಿಕೊಳ್ಳುವುದು ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಸುಸುಕಾ ಭಯಕ್ಕೆ ಸುತ್ತ ಹೆಣ್ಣಿನ ಹೆಸರು ಹೇಳುತ್ತದೆ. ನಮ್ಮ ಅಕ್ಕತಂಗಿಯರು ಇದನ್ನು ಓದಿ ನೊಂದುಕೊಂಡದ್ದುಂಟು. ಆ ಮಾತು ಬ್ರಹ್ಮಚರ್ಯ ಹಿಡಿದ ಗಂಡಸರಿಗೆ ಹೇಳಿದ್ದು. ಅಲ್ಲಿ ಕೆಡುವುದು ಭಿಕ್ಷುವಿನ ಮನಸ್ಸು, ಕೆಡಿಸುವುದು ಅವನದೇ ಕಾಮ. ಬುದ್ಧರು ಸ್ತ್ರೀದ್ವೇಷಿ ಎಂಬ ಆರೋಪಕ್ಕೆ ಬಾಬಾಸಾಹೇಬರು 1951ರಲ್ಲಿ ಹಿಂದೂ ಸ್ತ್ರೀಯ ಏಳುಬೀಳಿನ ಕುರಿತ ಲೇಖನದಲ್ಲಿ ಉತ್ತರ ಕೊಟ್ಟಿದ್ದಾರೆ. ಆನಂದರ ಜೊತೆಗಿನ ಅಂಥದೊಂದು ಸಂಭಾಷಣೆ ನಂತರದವರು ಸೇರಿಸಿದ್ದು ಎಂದು ಅವರು ವಾದಿಸಿದರು. ಗ್ರಂಥವನ್ನೂ ಪ್ರಶ್ನಿಸಿಯೇ ಓದಬೇಕು ಎಂದು ಕಲಿಸಿದ ಗುರು ನಮ್ಮವರು. ಹಾಗಿರುವಾಗ ಮೊಬೈಲಿಗೆ ಬಂದದ್ದನ್ನು ಪ್ರಶ್ನಿಸದೆ ನಂಬಬಹುದೇ?

1927ರ ಮಾರ್ಚ್ 20ರಂದು ಮಹಾಡದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ದನಕರುಗಳು ಕುಡಿಯುತ್ತಿದ್ದ ಚವದಾರ ಕೆರೆಯ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಬಾಬಾಸಾಹೇಬರ ಹಿಂದೆ ಸಾವಿರಾರು ಜನ ಶಾಂತವಾಗಿ ನಡೆದು ಆ ನೀರು ಕುಡಿದರು. ಸ್ವಲ್ಪ ಹೊತ್ತಿನಲ್ಲಿ ಊರಲ್ಲಿ ಒಂದು ಸುದ್ದಿ ಹಬ್ಬಿತು: ಇವರು ಇನ್ನು ವೀರೇಶ್ವರ ಗುಡಿಗೂ ನುಗ್ಗುತ್ತಾರೆ. ಅದು ಸುಳ್ಳು. ಆದರೆ ಆ ಸುಳ್ಳು ಕೇಳಿದವರು ಬಡಿಗೆ ಹಿಡಿದು ಬಂದು ಊಟಕ್ಕೆ ಕೂತಿದ್ದ ನಮ್ಮವರನ್ನು ಹೊಡೆದರು. ಆಗ ವಾಟ್ಸ್ಯಾಪ್ ಇರಲಿಲ್ಲ, ಬಾಯಿ ಸಾಕಾಗಿತ್ತು. ಸುಳ್ಳು ಸುದ್ದಿಯ ಏಟು ತಿಂದವರ ಮೊಮ್ಮಕ್ಕಳು ನಾವು. ನಮ್ಮ ಬೆರಳಿನಿಂದಲೇ ಅಂಥ ಸುದ್ದಿ ಹೊರಡಬಾರದು.

ಇನ್ನು ನಿಜವಾದ ಮೊಸಳೆಯ ಮಾತು. ಕೃಷ್ಣೆಯಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ. ಅವು ಅಪಾಯಕಾರಿ, ಅದರಲ್ಲಿ ಸುಳ್ಳಿಲ್ಲ. ಆದರೆ ಅದು ದೇವರ ವಾಹನವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಬೇಸಿಗೆಯಲ್ಲಿ ದಂಡೆಯ ಮಣ್ಣು, ಮರಳಿನಲ್ಲಿ ಕುಣಿ ತೋಡಿ ಇಪ್ಪತ್ತು ಮೂವತ್ತು ಮೊಟ್ಟೆ ಇಡುವ ಪ್ರಾಣಿ. ನಾವು ಅಂಜುವ ಅದೇ ಬಾಯಲ್ಲಿ ತಾಯಿ ಮರಿಗಳನ್ನು ಮೆಲ್ಲಗೆ ಎತ್ತಿ ನೀರಿಗೆ ಬಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಸಳೆಗೂ ಉಡಕ್ಕೂ ರಕ್ಷಣೆ ಕೊಟ್ಟಿದೆ. ಮೊಸಳೆಗೆ ಜಾತಿ ಗೊತ್ತಿಲ್ಲ. ಆದರೆ ನಲ್ಲಿ ಇಲ್ಲದ ಮನೆಯವರು, ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಬಲೆ ಬೀಸುವವರೇ ನದಿಗೆ ಇಳಿಯಬೇಕಾಗುತ್ತದೆ. ಅವರಿಗೆ ಬೇಕಾದದ್ದು ಹೆದರಿಸುವ ವಿಡಿಯೊ ಅಲ್ಲ, ಮನೆಗೆ ನೀರು. ಅದನ್ನು ಕೇಳುವುದು ಮಹಾಡದ ಕೆಲಸವೇ.

ಹೊಳೆಗೆ ಹೋಗಲೇಬೇಕಾದವರು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಇಳಿಯಬೇಡಿ. ದಿನವೂ ಒಂದೇ ಜಾಗದಲ್ಲಿ ಬಗ್ಗಿ ಕೂರಬೇಡಿ. ಮಕ್ಕಳನ್ನು ದಂಡೆಯಲ್ಲಿ ಒಂಟಿ ಬಿಡಬೇಡಿ. ಮೊಸಳೆ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ.

'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸಿದ್ದಾರೆ. ಮಗುವನ್ನು ಹಿಡಿದ ಮೊಸಳೆಯ ಎದುರು ಕೈಕಟ್ಟಿ ನಿಲ್ಲು ಎಂದು ಧಮ್ಮ ಹೇಳುವುದಿಲ್ಲ. ಆದರೆ ಆ ಉಡಕ್ಕೆ ಬಿದ್ದ ಕಲ್ಲಿನಲ್ಲಿ ಅಗತ್ಯ ಇರಲಿಲ್ಲ, ಬರೀ ಇಚ್ಛೆ ಇತ್ತು. ಆ ಇಚ್ಛೆಯನ್ನು ಹುಟ್ಟಿಸಿದವನು ನಾನು. ಪಂಚಶೀಲದ ನಾಲ್ಕನೆಯ ಶೀಲ ಮುರಿದರೆ ಮೊದಲನೆಯದು ಹೇಗೆ ಮುರಿಯುತ್ತದೆ ಎಂದು ಅಂದು ಕಲಿತೆ.

ಮರುದಿನ ಆ ಹುಡುಗಿಯ ಮನೆಗೆ ಹೋಗಿ, "ತಂಗೀ, ನಿಂದ ಖರೇ ಇತ್ತು, ನಂದ ತಪ್ಪು" ಅಂದೆ. ಮೂರೂ ಗ್ರೂಪಿನಲ್ಲಿ ಅದನ್ನೇ ಬರೆದೆ. ಉಡದ ಜೀವ ಅದರಿಂದ ಬರಲಿಲ್ಲ.

ಇಂದಿನ ಅಭ್ಯಾಸ: ಏನನ್ನಾದರೂ ಮುಂದೆ ಕಳಿಸುವ ಮೊದಲು ಮೂರು ಉಸಿರು ಎಣಿಸಿ. ಇದು ನಿಜವೇ? ಇದರಿಂದ ಯಾರಿಗೆ ಏಟು ಬಿದ್ದೀತು? ಕಿರಿಯರು ತಿದ್ದಿದರೆ ಆ ಅಲೆ ಇಳಿಯುವವರೆಗೆ ಸುಮ್ಮನಿದ್ದು, ಆಮೇಲೆ ಸಾಧು ಎನ್ನಿ.

ಭವತು ಸಬ್ಬ ಮಂಗಲಂ. ಜೈಭೀಮ್.