ಗ್ರಾಸವೋ, ಅಂಶವೋ?

ಧರ್ಮಶಾಸ್ತ್ರದ ದಾಯಭಾಗ ಪ್ರಕರಣದಲ್ಲಿ ಓದುವವರ ಮನಸ್ಸನ್ನು ಕಲಕುವ ನಿಯಮವೊಂದುಂಟು. ಹುಟ್ಟುಕುರುಡರು, ಕಿವುಡರು, ಮೂಕರು, ಉನ್ಮತ್ತರು, ಜಡರು ಮೊದಲಾದವರಿಗೆ ತಂದೆಯ ಸ್ವತ್ತಿನಲ್ಲಿ ಪಾಲಿಲ್ಲ; ಆದರೆ ಪಾಲನ್ನು ಪಡೆದವರು ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸತಕ್ಕದ್ದು. ಇದು ಮನು ಯಾಜ್ಞವಲ್ಕ್ಯರ ವಿಧಿ. ಹೀಗೆ ಕೊಡುವ ಅನ್ನವಸ್ತ್ರಕ್ಕೆ ಗ್ರಾಸಾಚ್ಛಾದನವೆಂದೂ ಪಾಲಿಗೆ ಅಂಶವೆಂದೂ ಹೆಸರು. ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ತುಸು ಸಡಿಲಿಸಿ, ದೋಷವು ಔಷಧಾದಿಗಳಿಂದ ಪರಿಹಾರವಾದರೆ ವಿಭಾಗವು ನಡೆದ ಮೇಲೆಯೂ ಪಾಲು ಸಲ್ಲುವುದೆಂದನು. ಔಷಧಕ್ಕೆ ಬಗ್ಗದ ದೋಷವುಳ್ಳವನ ಗತಿ ಮಾತ್ರ ಇದ್ದಂತೆಯೇ ಉಳಿಯಿತು. ಬ್ರಿಟಿಷ್ ಇಂಡಿಯಾದ 1928ರ ಶಾಸನವು ಕುರುಡರು ಕಿವುಡರ ಮೇಲಿದ್ದ ಪ್ರತಿಬಂಧವನ್ನು ತೆಗೆದುಹಾಕಿದಾಗಲೂ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ನಿಲ್ಲಿಸಿತು. ಅವರಿಗೂ ಬಾಗಿಲು ತೆರೆದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ.

ಹೊಲ ಮನೆಗಳ ಮಟ್ಟಿಗೆ ತೀರಿದ ಈ ವ್ಯಾಜ್ಯವು ವಿದ್ಯಾಶಾಲೆಗಳಲ್ಲಿ ಇನ್ನೂ ತೀರಿಲ್ಲ. ಆಟಿಸಂ ಎಂಬ ಸ್ವಭಾವಭೇದವುಳ್ಳ ಮಗುವಿನ ತಾಯಿತಂದೆಗಳು ಶಾಲೆಯ ಬಾಗಿಲಲ್ಲಿ ನಿಂತು ಕೇಳುವುದು ಗ್ರಾಸವನ್ನೋ ಅಂಶವನ್ನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕೆಯ ವೈದ್ಯ ಲಿಯೋ ಕ್ಯಾನರನು 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಯನ್ನು ಲೋಕಕ್ಕೆ ಪರಿಚಯಿಸಿದನು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವು ಬಳಕೆಗೆ ಬಂದಿದೆ. ಪದವು ಸೊಗಸಾದುದೇ, ಆದರೆ ದಾರಿ ತಪ್ಪಿಸುವಂತಹುದು. ಯಲಹಂಕದ ವಾಯುಸೇನೆಯ ನೆಲೆಯಲ್ಲಿ 1996ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ವಿಮಾನಪ್ರದರ್ಶನವು ನಡೆಯುತ್ತದೆ. ಆ ದಿನಗಳಲ್ಲಿ ವಿಮಾನವು ಆಕಾಶವನ್ನು ಸೀಳಿಕೊಂಡು ಹೋದರೆ ತರಗತಿಯ ಮಕ್ಕಳು ಚಪ್ಪಾಳೆ ತಟ್ಟುತ್ತ ಕಿಟಕಿಗೆ ಓಡುವರು. ಇಂತಹ ಮಗುವಾದರೋ ಕಿವಿಗಳನ್ನು ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರೀತು. ಅದು ತನ್ನಲ್ಲಿ ತಾನು ಲೀನವಾಗಿರುವ ಮಗುವೆ? ಹೊರಗಿನ ಜಗತ್ತು ತಡೆಯಿಲ್ಲದೆ ಒಳಗೆ ನುಗ್ಗುತ್ತಿರುವ ಮಗು ಅದು. ಯಶವಂತಪುರದ ಮೇಲೆ ಹಾದುಹೋಗುವ ರೈಲುಗಳ ಹೆಸರುಗಳನ್ನೂ ವೇಳೆಗಳನ್ನೂ ತಪ್ಪಿಲ್ಲದೆ ಒಪ್ಪಿಸಬಲ್ಲ ಹುಡುಗನೇ, ‘ನಿನ್ನ ಹೆಸರೇನು?’ ಎಂಬ ಪ್ರಶ್ನೆಗೆ ಉತ್ತರ ಕೊಡದಿರಬಹುದು. ಪರೀಕ್ಷಕರು ಎರಡನೆಯದನ್ನು ಮಾತ್ರ ಬರೆದುಕೊಳ್ಳುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಹೆಸರಿಸಿದೆ. ಸರ್ಕಾರದ ಹಣವನ್ನಾಗಲಿ ಮಾನ್ಯತೆಯನ್ನಾಗಲಿ ಪಡೆದ ಶಾಲೆಯು ಭೇದವೆಣಿಸದೆ ಇಂತಹ ಮಕ್ಕಳನ್ನು ಸೇರಿಸಿಕೊಳ್ಳತಕ್ಕದ್ದೆಂದೂ, ಅವರವರ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಮಾಡಿಕೊಡುವಂತೆ ಏರ್ಪಡಬೇಕೆಂದೂ ಅದರ ಹದಿನಾರನೆಯ ಪ್ರಕರಣವು ಹೇಳುತ್ತದೆ. ಮೀಮಾಂಸಕರು ಅಧಿಕಾರವನ್ನು ವಿಚಾರಿಸುವಾಗ ಕರ್ಮಕ್ಕೆ ಮನುಷ್ಯನು ಯೋಗ್ಯನೆ ಎಂದು ಕೇಳಿದರು. ಈ ಕಾಯಿದೆಯು ಮಗುವಿಗೆ ಶಾಲೆಯು ಯೋಗ್ಯವೆ ಎಂದು ಕೇಳುತ್ತದೆ. ಬರಹದಲ್ಲಿ ಇದು ಅಂಶವೇ ಸರಿ. ಆದರೆ ಮಗುವನ್ನು ಸೇರಿಸಿಕೊಂಡು, ಕೊನೆಯ ಬೆಂಚಿನಲ್ಲಿ ಬಣ್ಣದ ಕಡ್ಡಿಗಳೊಡನೆ ಕೂರಿಸಿ, ಹನ್ನೊಂದು ಗಂಟೆಗೇ ಮನೆಗೆ ಕರೆದೊಯ್ಯಿರೆಂದು ಹೇಳಿಕಳುಹಿಸಿ, ವಾರ್ಷಿಕೋತ್ಸವದ ದಿನ ಬಾರದಿದ್ದರೆ ಒಳ್ಳೆಯದೆಂದು ಸೂಚಿಸಿದರೆ, ಅದು ಗ್ರಾಸಾಚ್ಛಾದನವಲ್ಲದೆ ಮತ್ತೇನು? ನೆರಳಿದೆ, ಪೀಠವಿದೆ, ಪಾಠದಲ್ಲಿ ಪಾಲಿಲ್ಲ.

ಹಾಗಾದರೆ ತಾಯಿತಂದೆಗಳು ಇಷ್ಟಕ್ಕೇ ಕೈಮುಗಿದು ಏಕೆ ಬರುತ್ತಾರೆ? ಇದನ್ನು ಹೇಡಿತನವೆನ್ನುವುದು ಅನ್ಯಾಯ. ಬೇರೆ ವ್ಯಾಜ್ಯಗಳಲ್ಲಿ ವಾದಿಯು ಪ್ರತಿವಾದಿಯಿಂದ ದೂರವಿರಬಲ್ಲನು. ಇಲ್ಲಿ ಯಾರ ಮೇಲೆ ದೂರೋ ಅವರ ಕೈಯಲ್ಲಿಯೇ ಪ್ರತಿದಿನ ಬೆಳಗ್ಗೆ ಮಗುವನ್ನು ಒಪ್ಪಿಸಿ ಬರಬೇಕು. ಅದೂ, ಸಂಜೆ ಮನೆಗೆ ಬಂದು ಹೀಗಾಯಿತೆಂದು ಹೇಳಲಾರದ ಮಗುವನ್ನು. ಸಂಕ್ರಾಂತಿಯ ದಿನ ಉಪಾಧ್ಯಾಯಿನಿಗೆ ಎಳ್ಳುಬೆಲ್ಲವನ್ನು ಕೊಡುವಾಗ ಅದು ಸ್ನೇಹದಿಂದಲೋ ಭಯದಿಂದಲೋ ಎಂಬುದು ಆ ತಾಯಿಗೇ ತಿಳಿಯದು. ‘ಕಾಯಿದೆಯಿದೆ, ಹೋರಾಡಮ್ಮ’ ಎನ್ನುವವರು ದಡದ ಮೇಲೆ ನಿಂತು ಈಜು ಕಲಿಸುವವರು. ಕೆಲವರು ಪ್ರವೇಶದ ವೇಳೆಯಲ್ಲಿ ವೈದ್ಯರ ಪತ್ರವನ್ನು ಮರೆಮಾಡುವುದೂ ಉಂಟು. ಆ ಅಸತ್ಯದ ಬಹುಭಾಗವು ಸತ್ಯವನ್ನು ಕೇಳಿದೊಡನೆ ಮುಚ್ಚಿಕೊಳ್ಳುವ ಬಾಗಿಲಿಗೆ ಸೇರಿದುದು. ಆದರೂ ಅದರ ದಂಡವನ್ನು ತೆರುವುದು ಮಗುವೇ. ಕಾರಣವನ್ನರಿಯದ ಉಪಾಧ್ಯಾಯರು ಅದರ ಸಂಕಟಕ್ಕೆ ಹಟವೆಂದು ಹೆಸರಿಡುವರು. ಒಳಗೆ ಸೇರಿದ ಮೇಲಾದರೂ ತರಗತಿಯ ಉಪಾಧ್ಯಾಯರಿಗೆ ನಿಜವನ್ನು ತಿಳಿಸುವುದು ಮೇಲು.

ಉಪಾಧ್ಯಾಯರ ಆಕ್ಷೇಪವೂ ಲಘುವಾದುದಲ್ಲ. ಒಬ್ಬನಿಗೆ ಕೊಟ್ಟ ಗಳಿಗೆಯು ಉಳಿದವರ ಗಳಿಗೆಯಲ್ಲವೆ? ವಿದ್ಯೆಯು ಹಂಚಿದಷ್ಟೂ ಬೆಳೆಯುವುದೆಂದು ಹೇಳಿ ಜಾರಿಕೊಳ್ಳುವುದು ಸುಲಭ. ವಿದ್ಯೆಯು ಬೆಳೆದೀತು, ಗುರುವಿನ ವೇಳೆಯಾದರೋ ಹೊಲದಂತೆಯೇ ಅಳತೆಯುಳ್ಳದ್ದು. ಆದರೆ ಸ್ವತ್ತು ಸಣ್ಣದೆಂಬ ಕಾರಣಕ್ಕೆ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ನಿರಂಶಕನನ್ನಾಗಿ ಮಾಡುವ ನ್ಯಾಯವೆಲ್ಲಿಯೂ ಇಲ್ಲ. ಮೇಲಾಗಿ, ಈ ಮಗುವಿಗೆ ಬೇಕಾದುದರಲ್ಲಿ ಎಷ್ಟೋ ಭಾಗವು ವೇಳೆಯನ್ನೇ ಬೇಡುವುದಿಲ್ಲ: ದಿನದ ಕ್ರಮವನ್ನು ಹಲಗೆಯ ಮೇಲೆ ಬರೆದಿಡುವುದು, ಗಂಟೆ ಬಾರಿಸುವುದಕ್ಕೆ ಮುಂಚೆ ಎಚ್ಚರಿಸುವುದು, ಸದ್ದು ಮಿತಿಮೀರಿದಾಗ ಜಗುಲಿಗೆ ಹೋಗಲು ಬಿಡುವುದು. ವೆಚ್ಚಕ್ಕೆ ಬರುವುದು ಸಹಾಯಕ ಉಪಾಧ್ಯಾಯರ ನೇಮಕ. ಅದನ್ನು ಕೊಡಬೇಕಾದವರು ಆಡಳಿತದವರು. ಅವರು ಕಾಣದ ಕಡೆ ಕುಳಿತಿರಲು, ತಾಯಿಯೂ ಉಪಾಧ್ಯಾಯಿನಿಯೂ ಒಬ್ಬರನ್ನೊಬ್ಬರು ದೂರಿಕೊಂಡು ದಣಿಯುತ್ತಾರೆ.

ಒಂದು ಮಾತು ತಾಯಿತಂದೆಗಳಿಗೂ ಸಲ್ಲುವುದು. ಪಾಲು ಮಗುವಿನದು, ಅವರು ಅದರ ಪೋಷಕರು ಮಾತ್ರ. ನೆಂಟರೆದುರಿಗೆ ಮಾನವುಳಿಯಲೆಂದು ಮಗುವನ್ನು ಪರೀಕ್ಷೆಯಿಂದ ಪರೀಕ್ಷೆಗೆ ಎಳೆದೊಯ್ಯುವವರು ಅದರ ಪಾಲನ್ನು ತಾವೇ ಅನುಭವಿಸಿದಂತಾಗುವುದು. ವಿಶೇಷ ಶಾಲೆಯಲ್ಲಿಯೇ ಅದು ನಗುತ್ತಿರುವುದಾದರೆ ಅಲ್ಲಿಗೆ ಕಳುಹಿಸುವುದು ಸೋಲೇನೂ ಅಲ್ಲ. ಮಾತು ಬಾರದ ಮಗುವಿಗೂ ಬೇಕು ಬೇಡಗಳುಂಟು. ಕೈಸನ್ನೆಯಿಂದಲೋ ಚಿತ್ರವನ್ನು ತೋರಿಸಿಯೋ ಅದು ‘ಸಾಕು’ ಎಂದಾಗ ಶಾಲೆಯವರು ಕೇಳಿಸಿಕೊಳ್ಳಬೇಕಾದಂತೆ ಮನೆಯವರೂ ಕೇಳಿಸಿಕೊಳ್ಳಬೇಕಾಗುತ್ತದೆ.