ನಾದೋಪಕರಣಗಳ ಕ್ರಯವಿಕ್ರಯದಲ್ಲಿ ಧರ್ಮವಿಚಾರ

ಮನುಷ್ಯನು ಹಣ ಕೊಟ್ಟು ಕೊಳ್ಳುವ ವಸ್ತುಗಳು ಎರಡು ತೆರನಾಗಿರುವುವು. ಜೋಳ, ಎಣ್ಣೆ, ಕಂಬಳಿ ಮೊದಲಾದುವು ಕೊಂಡ ಕೂಡಲೆ ತಮ್ಮ ಕೆಲಸವನ್ನು ತಾವೇ ಮಾಡಿಕೊಡುವುವು. ಮೆಡ್ಲೇರಿಯ ಕಂಬಳಿಯನ್ನು ಹೊದ್ದವನು ಬೆಚ್ಚಗಾಗಲಿಕ್ಕೆ ಯಾವ ವಿದ್ಯೆಯನ್ನೂ ಕಲಿಯಬೇಕಾಗಿಲ್ಲ. ಉಳಿ, ಕುಂಚ, ವೀಣೆ ಮೊದಲಾದುವು ಹಾಗಲ್ಲ. ಅವು ಕೊಂಡವನ ಕೈಯಿಂದಲೇ ತಮ್ಮ ಬೆಲೆಯನ್ನು ಪಡೆಯತಕ್ಕವು. ಮೊದಲನೆಯ ತೆರದಲ್ಲಿ ಹಣ ಕೊಟ್ಟಲ್ಲಿಗೆ ವ್ಯವಹಾರ ಮುಗಿಯುವುದು. ಎರಡನೆಯ ತೆರದಲ್ಲಿ ಹಣ ಕೊಟ್ಟ ಮೇಲೆಯೇ ಅದು ಮೊದಲಾಗುವುದು. ಈ ಭೇದವನ್ನು ಮರೆತು, ವೀಣೆಯನ್ನು ಕಂಬಳಿಯಂತೆ ಕೊಳ್ಳಹೊರಟವನಿಗೆ ಧನನಷ್ಟಕ್ಕಿಂತ ದೊಡ್ಡದಾದ ನಷ್ಟವೊಂದು ಉಂಟಾಗುವುದು. ಅದು ಯಾವುದೆಂಬುದನ್ನು ವಿಚಾರಿಸುವುದಕ್ಕೆ ಬೇಸ್ ಗಿಟಾರಿನ ಪೆಡಲುಗಳು ಅನುಕೂಲವಾದ ಉದಾಹರಣೆಯಾಗಿವೆ.

ತುಂಗಭದ್ರೆಯ ದಂಡೆಯ ಐರಣಿಯಿಂದ ರಾಣಿಬೆನ್ನೂರು, ಬ್ಯಾಡಗಿಗಳವರೆಗಿನ ಸೀಮೆಯ ಜನರಿಗೆ ಭಜನೆಯ ಹಾರ್ಮೋನಿಯಮ್ಮೂ ತಾಳವೂ ಡೊಳ್ಳೂ ಬಾಲ್ಯದಿಂದ ಪರಿಚಿತವಾದುವು. ಜಾತ್ರೆಯ ರಾತ್ರಿ ಆರ್ಕೆಸ್ಟ್ರಾ ನಡೆಯುವಲ್ಲಿ ಬೇಸ್ ಗಿಟಾರಿನ ಧ್ವನಿಯನ್ನೂ ಅವರು ಕೇಳಿರುವುದುಂಟು. ಆದರೆ ಅದನ್ನು ಗುರುತಿಸಿದವರು ಕಡಿಮೆ. ಅದು ಮಂದ್ರಸ್ವರಗಳ ವಾದ್ಯ. ಅಮೇರಿಕೆಯ ಲಿಯೋ ಫೆಂಡರನು 1951ರಲ್ಲಿ ಪೇಟೆಗೆ ತಂದ ‘ಪ್ರಿಸಿಷನ್ ಬೇಸ್’ ಎಂಬುದರಿಂದ ಅದಕ್ಕೆ ಲೋಕಪ್ರಸಿದ್ಧಿ ಬಂದಿತು. ಸಾಮಾನ್ಯವಾಗಿ ಅದಕ್ಕೆ ನಾಲ್ಕು ತಂತಿಗಳು. ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವುದು. ತಂತಿಯ ಕಂಪನವು ವಿದ್ಯುತ್ತಾಗಿ ಮಾರ್ಪಟ್ಟು ಧ್ವನಿವರ್ಧಕವನ್ನು ಸೇರುವ ದಾರಿಯಲ್ಲಿ, ಕಾಲಿನಿಂದ ಒತ್ತಿ ನಡೆಯಿಸುವ ಸಣ್ಣ ಪೆಟ್ಟಿಗೆಗಳನ್ನು ಇರಿಸಿದರೆ ಅವುಗಳಿಗೆ ಪೆಡಲುಗಳೆಂದು ಹೆಸರು. ಕಂಪ್ರೆಸರ್ ಎಂಬುದು ಜೋರಾದ ಮೀಟಿಗೂ ಮೆಲ್ಲನೆಯ ಮೀಟಿಗೂ ನಡುವಣ ಅಂತರವನ್ನು ಕುಗ್ಗಿಸುವುದು. ಫಜ್ ಎಂಬುದು ನಾದವನ್ನು ಒಡೆದು ಗರಗಸದ ಮೊರೆತದಂತೆ ಮಾಡುವುದು. ಆಕ್ಟೇವ್ ಎಂಬುದು ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಜೊತೆಗೂಡಿಸುವುದು. ಇವುಗಳನ್ನು ಕೊಳ್ಳುವುದು, ಕೆಲವು ತಿಂಗಳು ಬಳಸಿ ಮಾರುವುದು, ಬಂದ ಹಣದಿಂದ ಮತ್ತೊಂದನ್ನು ಕೊಳ್ಳುವುದು ಈ ವಾದಕರಲ್ಲಿ ನಿತ್ಯದ ವ್ಯಾಪಾರವಾಗಿದೆ. ಇದು ಸಾಧನೆಯೋ ಚಾಪಲ್ಯವೋ ಎಂಬುದೇ ಇಲ್ಲಿಯ ಪ್ರಶ್ನೆ.

ಇಂತಹ ಉಪಕರಣವೇ ಒಂದು ವಂಚನೆ, ಕೈಯಲ್ಲಿ ಇಲ್ಲದ ಗುಣವನ್ನು ಪೆಟ್ಟಿಗೆಯಿಂದ ಎರವಲು ತರುವುದು ಕಲೆಯಲ್ಲ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪವು ನಿಲ್ಲಲಾರದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ನೂಲನ್ನು ಇರಿಸುವ ಪದ್ಧತಿಯನ್ನು ಸಂಗೀತ ಬಲ್ಲವರೆಲ್ಲರೂ ಅರಿತಿರುವರು. ಆ ನೂಲಿಗೆ ಜೀವಾಳಿಯೆಂದು ಹೆಸರು. ಅದನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿದಾಗ, ಮೊದಲು ಒಣಗಿದಂತಿದ್ದ ನಾದವು ಒಂದು ಕ್ಷಣದಲ್ಲಿ ಜೇನ್ನೊಣಗಳ ಗುಂಜಾರವದಂತೆ ಅರಳುವುದು. ಬರಿಯ ಬೆರಳು ಹುಟ್ಟಿಸಲಾರದ ಬಣ್ಣವನ್ನು ನೂಲು ಹುಟ್ಟಿಸುವುದು. ಆದರೂ ತಂಬೂರಿಯನ್ನು ವಂಚನೆಯೆಂದು ಯಾರೂ ಕರೆಯಲಿಲ್ಲ. ಇನ್ನು ಪರದೇಶದ ವಸ್ತುವೆಂಬ ಆಕ್ಷೇಪಕ್ಕೆ ಹಾರ್ಮೋನಿಯಮ್ಮೇ ಉತ್ತರ. ಆಲ್ ಇಂಡಿಯಾ ರೇಡಿಯೊ ಅದನ್ನು 1940ರಲ್ಲಿ ತನ್ನ ನಿಲಯಗಳಿಂದ ಹೊರಗಿಟ್ಟಿತು; ಆ ನಿಷೇಧವು 1970ರ ದಶಕದ ಆರಂಭದವರೆಗೂ ಸಡಿಲಲಿಲ್ಲ. ಅಷ್ಟರಲ್ಲಿ ಹಳ್ಳಿಹಳ್ಳಿಯ ಭಜನೆಯಲ್ಲಿ ಅದು ಮನೆಯ ಮಗುವಿನಂತೆ ಬೆಳೆದಿತ್ತು. ಆದುದರಿಂದ ದೋಷವು ಉಪಕರಣದ ಜಾತಿಯಲ್ಲಿಲ್ಲ. ಅದನ್ನು ಬೇರೆಡೆ ಹುಡುಕಬೇಕು.

ಪೆಡಲುಗಳ ಹುಟ್ಟಿನ ವೃತ್ತಾಂತವು ಈ ಹುಡುಕಾಟಕ್ಕೆ ಸಹಾಯಕವಾಗುವುದು. ಅಮೇರಿಕೆಯ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಧ್ವನಿಮುದ್ರಣ ನಡೆದಾಗ, ಗ್ರೇಡಿ ಮಾರ್ಟಿನ್ ಎಂಬವನು ನುಡಿಸುತ್ತಿದ್ದ ಆರು ತಂತಿಯ ಬೇಸಿನ ಧ್ವನಿಯು ಕೆಟ್ಟ ಉಪಕರಣವೊಂದರ ದೆಸೆಯಿಂದ ಒಡೆದು ಕರಕರಿಸಿತು. ಹಾಡು 1961ರಲ್ಲಿ ಹೊರಬಂದಿತು. ಆ ವಿಕೃತನಾದವನ್ನು ತೆಗೆದುಹಾಕದೆ ಹಾಗೆಯೇ ಉಳಿಸಲಾಗಿತ್ತು. ಅಲ್ಲಿಯ ಧ್ವನಿಶಿಲ್ಪಿ ಗ್ಲೆನ್ ಸ್ನಾಡಿಯು ಆ ದೋಷವನ್ನೇ ಬೇಕೆಂದಾಗ ಉಂಟುಮಾಡುವ ಯಂತ್ರವನ್ನು ರೂಪಿಸಲು ಮುಂದಾದನು. ಅದೇ 1962ರಲ್ಲಿ ‘ಮೇಸ್ಟ್ರೋ ಫಜ್‌ಟೋನ್’ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಅಂಗಡಿಕಾರರು ಮೊದಲು ಅದನ್ನು ಉತ್ಸಾಹದಿಂದ ತರಿಸಿದರಾದರೂ ಕೊಳ್ಳುವವರಿಲ್ಲದೆ ಅದು ಅಂಗಡಿಗಳಲ್ಲಿಯೇ ಉಳಿಯಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಆಂಗ್ಲ ಮೇಳವು ತನ್ನ ಒಂದು ಹಾಡಿನಲ್ಲಿ ಅದನ್ನು ಬಳಸಿದ ಮೇಲೆಯೇ ಅದಕ್ಕೆ ಬೇಡಿಕೆ ಏರಿತು. ಪೆಟ್ಟಿಗೆಯು 1962ರಲ್ಲಿಯೂ ಅದೇ, 1965ರಲ್ಲಿಯೂ ಅದೇ. ನಡುವೆ ಹೊಸದಾಗಿ ಬಂದದ್ದು ಒಂದೇ: ಇದರಿಂದ ಇಂಥದನ್ನು ಹೇಳಬಹುದೆಂಬ ಒಬ್ಬನ ಸಂಕಲ್ಪ. ಸಂಕಲ್ಪವಿಲ್ಲದ ಸಾವಿರ ಪೆಟ್ಟಿಗೆಗಳು ಮೂಕವಾಗಿದ್ದುವು. ಸಂಕಲ್ಪವುಳ್ಳವನ ಕಿವಿಗೆ ಕೆಟ್ಟುಹೋದ ಯಂತ್ರವೂ ಗುರುವಾಯಿತು.

ಇದರಿಂದ ಪ್ರಯೋಗದ ಲಕ್ಷಣವು ಸ್ಪಷ್ಟವಾಗುವುದು. ಪ್ರಯೋಗವೆಂದರೆ ಮೊದಲು ಒಂದು ಪ್ರಶ್ನೆ, ಬಳಿಕ ಒಂದು ಪರೀಕ್ಷೆ, ಕಡೆಗೆ ದೊರೆತ ಉತ್ತರವನ್ನು ಒಪ್ಪುವ ಧೈರ್ಯ. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರಿಯ ಖರ್ಚು. ಐರಣಿಯ ತರುಣನೊಬ್ಬನು ಜಾತ್ರೆಯ ಮೇಳಗಳಲ್ಲಿ ಬೇಸ್ ನುಡಿಸಿ ಸ್ವಲ್ಪ ಹಣವನ್ನು ಕೂಡಿಸಿರುವನೆಂದು ಓದುಗರು ಭಾವಿಸಲಿ. ಅವನ ಮನೆಯಲ್ಲಿ ಬಿತ್ತನೆಯ ಬೀಜಕ್ಕೂ ತಂಗಿಯ ಶಾಲೆಗೂ ಹಣ ಬೇಕಾಗಿದೆ. ಬೆಂಗಳೂರಿನಿಂದ ತರಿಸುವ ಒಂದು ಫಜ್ ಪೆಡಲಿಗೆ ಅವನು ಕೊಡುವ ಹಣವು ಇವೆಲ್ಲವುಗಳ ಪಾಲಿನಿಂದ ಬಂದದ್ದು. ‘ಹಾಡಿನ ಪಲ್ಲವಿಯಲ್ಲಿ ಡೊಳ್ಳಿನ ಅಬ್ಬರದ ನಡುವೆ ನನ್ನ ಸ್ವರವು ಹೂತುಹೋಗುತ್ತಿದೆ, ಇದರಿಂದ ಅದು ಮೇಲೇಳುವುದೋ?’ ಎಂದು ಅವನು ಕೇಳಿಕೊಂಡು ಕೊಂಡರೆ ಅದು ಪ್ರಯೋಗ. ದೊಡ್ಡ ವಾದಕನ ಕಾಲ ಬಳಿ ಆ ಪೆಟ್ಟಿಗೆಯನ್ನು ಕಂಡು, ಅದು ತನ್ನಲ್ಲಿಯೂ ಇದ್ದರೆ ತಾನೂ ಅವನಂತಾಗುವೆನೆಂದು ಕೊಂಡರೆ ಅದು ಚಾಪಲ್ಯ. ಎರಡು ಕಡೆಯೂ ಹಣ ಒಂದೇ, ವಸ್ತು ಒಂದೇ. ಕೊಂಡವನ ಅಂತರಂಗ ಮಾತ್ರ ಬೇರೆ.

ಪರೀಕ್ಷೆಯಲ್ಲಿಯೂ ಪ್ರಾಮಾಣಿಕತೆ ಬೇಕು, ಏಕೆಂದರೆ ಕಿವಿಯೂ ಮೋಸಹೋಗುವ ಇಂದ್ರಿಯವೇ. ಧ್ವನಿಯು ಮೆಲ್ಲಗಿದ್ದಾಗ ಮಂದ್ರಸ್ವರಗಳು ಕಿವಿಗೆ ವಿಶೇಷವಾಗಿ ಕ್ಷೀಣಿಸಿ ಕೇಳುವುವೆಂದೂ, ಧ್ವನಿ ಜೋರಾದಂತೆ ಅವು ತುಂಬಿಬರುವುವೆಂದೂ ಅಮೇರಿಕೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಹೀಗಿರಲು ಹೊಸ ಪೆಡಲನ್ನು ಒತ್ತಿದೊಡನೆ ಧ್ವನಿಯು ಸ್ವಲ್ಪ ಜೋರಾದರೂ ಸಾಕು, ‘ಆಹಾ, ಎಂತಹ ತುಂಬುನಾದ!’ ಎಂದು ಮನಸ್ಸು ಮರುಳಾಗುವುದು. ಎರಡು ಧ್ವನಿಗಳನ್ನೂ ಸಮಬಲಕ್ಕೆ ತಂದು ಹೋಲಿಸಿದರೆ ಆ ಮಹಿಮೆಯು ಅನೇಕ ವೇಳೆ ಮಾಯವಾಗುವುದು. ಆಕ್ಟೇವ್ ಪೆಡಲಿನ ವಿಷಯವೂ ಹೀಗೆಯೇ. 41 ಕಂಪನಗಳ ಸ್ವರದಿಂದ ಒಂದು ಸ್ಥಾಯಿ ಕೆಳಗಿಳಿದರೆ ಉಳಿಯುವುದು ಸುಮಾರು ಇಪ್ಪತ್ತು. ಮನುಷ್ಯನ ಶ್ರವಣದ ಎಲ್ಲೆಯೂ ಅದೇ. ಅಲ್ಲಿ ಕೊಂಡವನಿಗೆ ದೊರೆಯುವುದು ನಾದವಲ್ಲ, ನಾದವಿರುವುದೆಂಬ ನಂಬಿಕೆ. ಅದೇ ಪೆಡಲನ್ನು ಮೇಲಣ ತಂತಿಗಳಲ್ಲಿ ಬಳಸಿದರೆ ನಿಜವಾದ ಫಲವುಂಟು. ಎಲ್ಲೆಯನ್ನು ಅರಿಯುವುದೇ ಉಪಕರಣವನ್ನು ಅರಿಯುವುದು.

ಫಜ್ ಪೆಡಲಿನಿಂದ ಬೇಸಿನ ಮೂಲನಾದವು ತೆಳುವಾಗುವ ಭಯವಿರುವುದರಿಂದ, ಅನೇಕ ಬೇಸ್ ಪೆಡಲುಗಳಲ್ಲಿ ಶುದ್ಧವಾದ ಧ್ವನಿಯನ್ನೂ ಬಣ್ಣಗೊಂಡ ಧ್ವನಿಯನ್ನೂ ಬೇಕಾದ ಪ್ರಮಾಣದಲ್ಲಿ ಬೆರಸುವ ತಿರುಗುಗುಂಡಿಯೊಂದನ್ನು ಇಟ್ಟಿರುವರು. ಈ ಚಿಕ್ಕ ಏರ್ಪಾಡಿನಲ್ಲಿ ದೊಡ್ಡ ತತ್ತ್ವವಿದೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಜನರು ಮುಖ್ಯವಾಗಿ ಕೊಳ್ಳುವುದು ಬಣ್ಣಕ್ಕಾಗಿ. ಅದರ ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಬಣ್ಣ ಚೆನ್ನಾಗಿದೆಯೆಂದು ಬೇಳೆಯಿಲ್ಲದೆ ಸಾರು ಮಾಡುವ ಗೃಹಿಣಿ ಯಾರೂ ಇಲ್ಲ. ಬಣ್ಣವು ಸುಳ್ಳಲ್ಲ, ಅನವಶ್ಯಕವೂ ಅಲ್ಲ. ಅಡಿಯಲ್ಲಿ ಪದಾರ್ಥವಿದ್ದಾಗ ಮಾತ್ರ ಅದು ಶೋಭಿಸುವುದು. ತಾಳ ತಪ್ಪುವ ಬೆರಳಿಗೆ ಯಾವ ಪೆಡಲೂ ತಾಳವನ್ನು ಕಲಿಸಲಾರದು. ಕುಣಿಯಲಾರದವಳು ಅಂಗಳ ಡೊಂಕೆಂದಳೆಂಬ ಗಾದೆಯು ಇಂಥಲ್ಲಿಯೇ ಸಲ್ಲುವುದು; ಭೇದವಿಷ್ಟೇ, ಹಿಂದಿನವಳು ಅಂಗಳವನ್ನು ದೂರಿ ಸುಮ್ಮನಾದಳು, ಈಗಿನವನು ತಿಂಗಳಿಗೊಂದು ಹೊಸ ಅಂಗಳವನ್ನು ಕೊಳ್ಳುವನು.

ಹಾಗಾದರೆ ಒಂದೇ ಉಪಕರಣಕ್ಕೆ ಅಂಟಿಕೊಂಡಿರುವುದೇ ಶ್ರೇಯಸ್ಸೋ? ಅದೂ ಅಲ್ಲ. ಇದೇ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬಾಳಿದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಮೊದಲಾದ ಅನೇಕ ವಾದ್ಯಗಳಲ್ಲಿ ನಿಪುಣರಾಗಿದ್ದರು. ಅಂಧರಾಗಿದ್ದ ಅವರಿಗೆ ವಾದ್ಯದ ಹೊರಗಿನ ಹೊಳಪು ಕಾಣತಕ್ಕದ್ದಾಗಿರಲಿಲ್ಲ, ಕೇಳಿದ್ದು ನಾದವೊಂದೇ. ಉಪಕರಣಗಳು ಹಲವಾದುದರಿಂದ ಚಾಪಲ್ಯವಾಗದು. ಒಂದನ್ನೂ ಪೂರ್ತಿಯಾಗಿ ಕೇಳದೆ ಬಿಡುವುದರಿಂದ ಆಗುವುದು. ಮೊದಲು ಹೇಳಿದ ದೊಡ್ಡ ನಷ್ಟವು ಇದೇ: ಉತ್ತರಕ್ಕೆ ಕಾಯುವ ಶಕ್ತಿಯು ಕೊಳ್ಳುವವನಲ್ಲಿ ಕ್ರಮೇಣ ಸತ್ತುಹೋಗುವುದು.

ಇನ್ನು ವಿಕ್ರಯದ ವಿಚಾರ. ಕೊಂಡದ್ದು ತನ್ನ ಕೈಗೆ ಒಗ್ಗದಿದ್ದರೆ ಮಾರುವುದರಲ್ಲಿ ತಪ್ಪಿಲ್ಲ. ಆದರೆ ಮಾರುವವನ ಹತ್ತಿರ ಈಗ ಎರಡು ವಸ್ತುಗಳಿರುವುವು: ಒಂದು ಪೆಟ್ಟಿಗೆ, ಇನ್ನೊಂದು ಅದರ ವಿಷಯದಲ್ಲಿ ಅವನು ಪಡೆದ ಅನುಭವ. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಬಚ್ಚಿಟ್ಟರೆ ವ್ಯಾಪಾರವು ಅರ್ಧವಾಗುವುದು. 1930ರ ಸರಕು ಮಾರಾಟದ ಕಾಯಿದೆಯು ಸಾಮಾನ್ಯವಾಗಿ ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ತತ್ತ್ವವನ್ನು, ಕೆಲವು ಅಪವಾದಗಳೊಡನೆ, ಒಪ್ಪಿಕೊಂಡಿದೆ. ಕಾಯಿದೆಯು ನ್ಯಾಯಾಲಯದ ಹೊಸ್ತಿಲವರೆಗಿನ ಮಾತು. ಧರ್ಮವು ಅದಕ್ಕಿಂತ ಒಳಗೆ ಹೋಗುವುದು. ಐರಣಿಯ ತಾಲೂಕಿನಲ್ಲಿಯೇ, ಚೌಡಯ್ಯದಾನಪುರದ ಹೊಳೆಯ ದಂಡೆಯಲ್ಲಿ, ಅಂಬಿಗರ ಚೌಡಯ್ಯನ ನೆನಪು ಇಂದಿಗೂ ಹಸಿರಾಗಿದೆ. ಅವನ ಕಾಲದ ಶರಣರು ದುಡಿಮೆಯನ್ನು ಕಾಯಕವೆಂದು ಗೌರವಿಸಿದ್ದು ಅದು ಶುದ್ಧವಾಗಿದ್ದರೆ ಮಾತ್ರ. ದೋಣಿಯ ತೂತನ್ನು ಬಲ್ಲ ಅಂಬಿಗನು ನೀರು ಒಳಬರುವವರೆಗೆ ಸುಮ್ಮನಿದ್ದರೆ ಅವನ ಕೂಲಿಯು ಕಾಯಕದ ಕೂಲಿಯಾಗಲಾರದು.

ಆದುದರಿಂದ ಗುಂಡಿಯನ್ನು ತಿರುಗಿಸಿದಾಗ ಕರಕರವೆನ್ನುವುದೆಂದೂ, ಕಾಲಿನ ಸ್ವಿಚ್ಚು ಒಮ್ಮೊಮ್ಮೆ ಹಿಡಿಯದೆಂದೂ, ಒಳಗಿನ ಭಾಗವೊಂದನ್ನು ಬದಲಿಸಿರುವುದೆಂದೂ, 9 ವೋಲ್ಟಿನ ಬದಲು ಹೆಚ್ಚು ವೋಲ್ಟಿನ ಅಥವಾ ಧನಋಣಗಳು ಅದಲುಬದಲಾದ ವಿದ್ಯುತ್ತನ್ನು ಕೊಟ್ಟರೆ ಸುಟ್ಟುಹೋಗಬಹುದೆಂದೂ ಮಾರುವವನು ಕೇಳುವ ಮೊದಲೇ ಹೇಳತಕ್ಕದ್ದು. ಹಾಗೆ ಹೇಳಿದರೆ ಬೆಲೆ ಕುಗ್ಗುವುದೆಂಬುದು ನಿಜ. ಆದರೆ ಕುಗ್ಗಿದ ಆ ಭಾಗವು ಎಂದೂ ಅವನದಾಗಿರಲಿಲ್ಲ. ಅದು ಇನ್ನೊಬ್ಬನ ಅಜ್ಞಾನದ ಬೆಲೆ. ನೀರು ಚಿಮುಕಿಸಿ ತೂಕ ಹೆಚ್ಚಿಸಿದ ಮೆಣಸಿನಕಾಯಿಯ ಚೀಲಕ್ಕೂ ಇದಕ್ಕೂ ಭೇದವಿಲ್ಲ. ಇಲ್ಲಿ ಒಂದು ಸೂಕ್ಷ್ಮವುಂಟು. ತನಗೆ ರುಚಿಸದ ನಾದವು ಕೊಳ್ಳುವ ತರುಣನಿಗೂ ರುಚಿಸದೆಂದು ನಿರ್ಣಯಿಸಿ ಅವನನ್ನು ತಡೆಯಬೇಕೋ? ಬೇಕಿಲ್ಲ. ವಸ್ತುವಿನ ಸತ್ಯವನ್ನು ತಿಳಿಸುವುದು ಕರ್ತವ್ಯ. ತನ್ನ ಅಭಿರುಚಿಯನ್ನು ಹೇರುವುದು ಕರ್ತವ್ಯವಲ್ಲ. ‘ಇದರಲ್ಲಿ ಈ ಕುಂದಿದೆ, ನನ್ನ ಕೈಗೆ ಈ ಕಾರಣದಿಂದ ಒಗ್ಗಲಿಲ್ಲ, ನಿನ್ನ ಕೈಗೆ ಒಗ್ಗಬಹುದು’ ಎಂದಷ್ಟು ಹೇಳಿದರೆ ಅವನು ನಿರ್ದೋಷಿ.

ಕೊಳ್ಳುವವನಿಗೂ ಇದೇ ನಿಯಮವು ಅನ್ವಯಿಸುವುದು. ವಾದಕನೊಬ್ಬನು ಗತಿಸಿದ ಮೇಲೆ, ಬೆಲೆ ತಿಳಿಯದ ಅವನ ಮನೆಯವರು ಮೂಲೆಯಲ್ಲಿದ್ದ ಪೆಟ್ಟಿಗೆಗಳನ್ನು ಹಳೆಯ ಸಾಮಾನೆಂದು ಅಗ್ಗಕ್ಕೆ ಕೊಡಲು ಬಂದರೆ, ಬಲ್ಲವನು ಏನು ಮಾಡಬೇಕು? ಅವರು ಕೇಳಿದ್ದನ್ನು ಕೊಟ್ಟೆನೆಂದು ಅವನು ಸಮಾಧಾನಪಟ್ಟುಕೊಳ್ಳಬಹುದು. ಕಾಯಿದೆಯೂ ಅವನನ್ನು ಕಾಡದಿರಬಹುದು. ಆದರೆ ಮುಂದೆ ಅದೇ ಪೆಡಲಿನ ಮೇಲೆ ಕಾಲಿಟ್ಟಾಗಲೆಲ್ಲ ಒಂದು ಮನೆಯ ದುಃಖದಿಂದ ಕದ್ದ ಲಾಭವು ಅವನ ಕಾಲ ಕೆಳಗಿರುವುದು. ನಿಜವಾದ ಬೆಲೆಯನ್ನು ಅವರಿಗೆ ತಿಳಿಸಿ, ಬಳಿಕ ತನ್ನ ಶಕ್ತಿಗೆ ತಕ್ಕಂತೆ ಕೊಳ್ಳುವುದೇ ಅವನಿಗೆ ಯೋಗ್ಯ. ಶಕ್ತಿ ಸಾಲದಿದ್ದರೆ ಬೇರೆ ಗಿರಾಕಿಯನ್ನು ತೋರಿಸಿಕೊಡಬಹುದು.

ಒಟ್ಟಿನಲ್ಲಿ ಉಪಕರಣವು ಕೈಯಿಂದ ಕೈಗೆ ಸಾಗುವಾಗ ಅದರೊಡನೆ ಸತ್ಯವೂ ಸಾಗಬೇಕು. ಹಾಗೆ ಸಾಗಿದರೆ ಒಬ್ಬನಿಗೆ ವಿಫಲವಾದ ಪ್ರಯೋಗವೂ ಮತ್ತೊಬ್ಬನಿಗೆ ಪಾಠವಾಗುವುದು. ಐದಾರು ಕೈಗಳನ್ನು ದಾಟಿದ ಪೆಡಲು ಐದಾರು ಜನರ ಅನುಭವವನ್ನು ಹೊತ್ತು ಬರುವುದು. ಸತ್ಯವು ನಡುವೆ ಎಲ್ಲಿಯಾದರೂ ಕಡಿದುಹೋದರೆ, ಮುಂದಿನವನು ಹಿಂದಿನವನ ತಪ್ಪನ್ನೇ ಹೊಸದಾಗಿ ಹಣ ಕೊಟ್ಟು ಕೊಳ್ಳಬೇಕಾಗುವುದು. ಪ್ರಶ್ನೆಯೊಡನೆ ಕೊಂಡು, ಉತ್ತರದೊಡನೆ ಮಾರುವವನು ಎಷ್ಟು ಪೆಟ್ಟಿಗೆಗಳನ್ನು ಬದಲಿಸಿದರೂ ಸಾಧಕನೇ. ಅವೆರಡೂ ಇಲ್ಲದವನು ಒಂದೇ ಪೆಟ್ಟಿಗೆಯನ್ನು ಜೀವಮಾನವೆಲ್ಲ ಇಟ್ಟುಕೊಂಡರೂ ಬರಿಯ ಗಿರಾಕಿಯಾಗಿಯೇ ಉಳಿಯುವನು.